ಹುಳ ತಿಂದ ಹನ್ನೊಂದು ಗಿಡ

ಏರುಗಡ್ಡೆ, ಭೀಮಾ ನದಿಯ ದಂಡೆ
ಮಾರ್ಗಶಿರದ ಮೂವತ್ತೆಂಟನೆಯ ದಿನ, ನಿಮ್ಮ ಎಣಿಕೆಯಲ್ಲಿ ಕ್ರಿ.ಶ. ೨೨೬೩

ನಮಗಿಂತ ಮುಂಚೆ ಈ ಮಣ್ಣಿನಲ್ಲಿ ಬಿತ್ತಿದವರಿಗೆ, ಶರಣು.

ತಾರೀಖು ನೋಡಿ ನಗಬೇಡಿ. ನಿಮ್ಮ ಮಾರ್ಗಶಿರಕ್ಕೆ ಮೂವತ್ತು ದಿನ ದಾಟುತ್ತಿರಲಿಲ್ಲ ಎಂದು ನಾನೂ ಓದಿದ್ದೇನೆ. ನಮ್ಮಲ್ಲಿ ತೊಗರಿ ಹೂ ಮುಗಿಸಿ ಕಾಯಿ ಕಟ್ಟುವ ತನಕ ತಿಂಗಳನ್ನು ಮುಚ್ಚುವುದಿಲ್ಲ. ಮಳೆ ಬಿಸಿಲು ಎರಡೂ ಹೇಳಿದ ಹೊತ್ತಿಗೆ ಬರುವುದನ್ನು ಬಿಟ್ಟ ಮೇಲೆ ನಮ್ಮ ಹಿರಿಯರು ಪಂಚಾಂಗವನ್ನು ಗಿಡದ ಹಿಂದೆ ನಡೆಯಲು ಬಿಟ್ಟರು. ಒಂದು ವರ್ಷ ಮಾರ್ಗಶಿರ ಐವತ್ತೊಂದು ದಿನ ಎಳೆಯಿತು, ಮುಂದಿನ ತಿಂಗಳು ಮದುವೆ ಎಂದು ಗೊತ್ತು ಮಾಡಿಕೊಂಡಿದ್ದವರು ಒಣಗಿಸಿಟ್ಟ ಹಪ್ಪಳ ಸಂಡಿಗೆಯನ್ನು ಕಾಯುತ್ತ ಕೂತರು. ನನ್ನ ಮಾತು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಅದಕ್ಕೂ ಕ್ಷಮೆಯಿರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಒಂದು ತಗಡಿನ ಪೆಟ್ಟಿಗೆಯಲ್ಲಿ ಉಳಿದಿರುವ ಬೇಸಾಯದ ಕರಪತ್ರಗಳಿಂದ. ನಡುನಡುವೆ 'ರೈತ ಬಾಂಧವರೇ' ಎಂದು ಬಂದುಬಿಟ್ಟರೆ ಸಹಿಸಿಕೊಳ್ಳಿ.

ನನ್ನ ಹೆಸರು ದೇವಕ್ಕೆಮ್ಮ. ದಂಡೆಯ ಒಂಬತ್ತು ಊರುಗಳಿಗೆ ನಾನು ಬೀಜದವ್ವ, ಅಂದರೆ ಬೀಜ ಕಾಯುವವಳು. ಬೀಜ ಕೊಟ್ಟವರಿಗೆ ವರ್ಷಕ್ಕೊಂದು ಕಾಗದ ಬರೆಯುವುದು ನಮ್ಮ ರೂಢಿ. ನಮ್ಮ ಬೀಜ ನಿಮ್ಮ ಕಾಲದಿಂದ ಬಂದದ್ದು, ಹಾಗಾಗಿ ಕಾಗದ ನಿಮಗೆ. ಅದು ನಿಮ್ಮನ್ನು ಮುಟ್ಟುವುದಿಲ್ಲ ಎಂದು ತಿಳಿಯದಷ್ಟು ದಡ್ಡರೇನಲ್ಲ ನಾವು. ಆದರೂ ನನ್ನ ಹಿಂದಿನ ಬೀಜದವ್ವಂದಿರು ತಪ್ಪದೆ ಬರೆದಿದ್ದಾರೆ, ಎಲ್ಲವೂ ಕೃತಜ್ಞತೆಯ ಕಾಗದಗಳೇ. ನಾನೂ ಆರು ಬರೆದಿದ್ದೇನೆ. ಇದು ಬೇರೆ ಥರದ್ದು. ನಾಳೆ ಬೆಳಿಗ್ಗೆ ಒಂಬತ್ತು ಊರಿನವರು ಬಟ್ಟೆಚೀಲ ಹಿಡಿದು ನನ್ನ ಬಾಗಿಲಿಗೆ ಬರುತ್ತಾರೆ, ಅವರು ಕೇಳಿಕೊಂಡು ಬರುವ ಬೀಜ ನನ್ನ ಬಳಿ ಇಲ್ಲ. ಇಲ್ಲದಂತೆ ಮಾಡಿದವರಲ್ಲಿ ನಾನೂ ಒಬ್ಬಳು. ಅದನ್ನು ಯಾರಿಗಾದರೂ ಮೊದಲು ಹೇಳಿ ಬಾಯಿ ರೂಢಿ ಮಾಡಿಕೊಳ್ಳಬೇಕಾಗಿದೆ.

ಮೊದಲು ಹುಳದ ವಿಷಯ ಹೇಳಬೇಕು. ಕಾಯಿಕೊರಕ ಹುಳ ನಿಮಗೆ ಹೊಸದಲ್ಲ, ನಿಮ್ಮ ಕರಪತ್ರಗಳ ತುಂಬ ಅದರದೇ ಚಿತ್ರ. ಮೊಗ್ಗಿನ ಮೇಲೆ ಚಿಟ್ಟೆ ಇಟ್ಟ ಮೊಟ್ಟೆಯಿಂದ ಸೂಜಿಮೊನೆಯಷ್ಟು ಮರಿ ಹೊರಗೆ ಬರುತ್ತದೆ. ಮೊದಲು ತಾನು ಹುಟ್ಟಿದ ಮೊಟ್ಟೆಯ ಸಿಪ್ಪೆಯನ್ನೇ ತಿನ್ನುತ್ತದೆ. ಆಮೇಲೆ ಎಳೆ ಎಲೆಯ ಹಸಿರನ್ನು ಕೆರೆಯುತ್ತದೆ, ಮೊಗ್ಗಿನೊಳಗೆ ಹೊಗುತ್ತದೆ, ಐದು ಸಲ ಚರ್ಮ ಬಿಟ್ಟು ಬೆರಳಿನಷ್ಟಾಗುತ್ತದೆ. ಕಾಯಿ ಕಟ್ಟಿದ ಮೇಲೆ ಅದರ ಊಟ ನೋಡಬೇಕು ನೀವು. ತಲೆ ಕಾಯಿಯ ಒಳಗೆ, ಮೈ ಹೊರಗೆ. ಒಂದು ಕಾಯಿಯ ಕಾಳು ಪೂರ್ತಿ ಮುಗಿಸುವ ಮೊದಲೇ ಪಕ್ಕದ್ದಕ್ಕೆ ಬಾಯಿ ಹಾಕುತ್ತದೆ, ಮದುವೆಯಲ್ಲಿ ಎಲ್ಲ ಬಡಿಸಿಕೊಂಡು ಎಲ್ಲವನ್ನೂ ಎಂಜಲು ಮಾಡಿ ಏಳುವವರ ಹಾಗೆ. ನನಗೆ ಅದರ ಮೇಲೆ ಸಿಟ್ಟಿಲ್ಲ. ಅದು ಬೇರೇನೂ ಕಲಿತಿಲ್ಲ.

ಗಿಡವೂ ಸುಮ್ಮನೆ ತಿನ್ನಿಸಿಕೊಳ್ಳುವುದಿಲ್ಲ, ಅಥವಾ ತಿನ್ನಿಸಿಕೊಳ್ಳುತ್ತಿರಲಿಲ್ಲ. ಕತ್ತರಿಯಿಂದ ಎಲೆ ಕತ್ತರಿಸಿದರೆ ಅದು ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ, ಹುಳದ ಎಂಜಲು ತಾಗಿದರೆ ಗುರುತು ಹಿಡಿಯುತ್ತದೆ. ಕೆಲವೇ ನಿಮಿಷಗಳಲ್ಲಿ ಸುದ್ದಿ ಕಚ್ಚಿದ ಎಲೆಯಿಂದ ಕಚ್ಚದ ಎಲೆಗೆ ಹೋಗುತ್ತದೆ. ಎಲೆ ಕಹಿಯಾಗುತ್ತದೆ. ತಿಂದದ್ದು ಹುಳದ ಹೊಟ್ಟೆಯಲ್ಲಿ ಅರಗದಂತೆ ಮಾಡುವ ಪದಾರ್ಥವೊಂದು ಎಲೆಯಲ್ಲಿ ಸೇರಿಕೊಂಡು, ಹುಳ ತಿಂದೂ ತಿಂದೂ ಬಡಕಲಾಗುತ್ತದೆ. ಇದರ ಜೊತೆಗೆ ಗಿಡ ಒಂದು ವಾಸನೆ ಬಿಡುತ್ತದೆ. ನಮ್ಮ ಮೂಗಿಗೆ ಅದು ಹುಲ್ಲು ಕೊಯ್ದ ವಾಸನೆಯಂತೆ, ಬೇಗ ಮಾಯವಾಗುತ್ತದೆ. ಅಕ್ಕಪಕ್ಕದ ಗಿಡಗಳು ಅದನ್ನು ತಿಳಿದು ಮೊದಲೇ ಸಿದ್ಧವಾಗುತ್ತವೆ, ನಾವು ಕಿರುಕಡಜ ಎಂದು ಕರೆಯುವ ಸಣ್ಣ ಕೀಟ ಅದನ್ನೇ ಹಿಡಿದು ಹಾರಿ ಬರುತ್ತದೆ. ಬಂದು ಎಳೆಯ ಹುಳದ ಮೈಯೊಳಗೆ ಮೊಟ್ಟೆ ಇಡುತ್ತದೆ. ಅದರ ಮರಿ ಹುಳವನ್ನು ಒಳಗಿನಿಂದ ತಿಂದು, ಹೊರಬಂದು, ಅಕ್ಕಿಕಾಳಿನಂಥ ಬಿಳಿ ಗೂಡು ಕಟ್ಟಿಕೊಳ್ಳುತ್ತದೆ. ಈ ಇಡೀ ಕೆಲಸಕ್ಕೆ ನಾವಿಟ್ಟ ಹೆಸರು 'ಕರೆ'.

ಕರೆ ನಿಂತುಹೋದದ್ದು ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ. ಒಂದು ಹುಳವೂ ತಾಗದಂತೆ ಸಿಂಪಡಿಸಿ ಬೆಳೆದ ಹೊಲಗಳಲ್ಲಿ ಕರೆಯುವ ಗಿಡಕ್ಕೆ ಕೆಲಸವಿರಲಿಲ್ಲ. ಕಾಳು ದಪ್ಪವಾಗಬೇಕು, ಬೇಗ ಆಗಬೇಕು ಎಂದು ಆರಿಸುತ್ತ ಹೋದಂತೆ ಕರೆಯುವ ಗುಣ ತೊಗರಿಯಿಂದ ಜಾರಿಹೋಯಿತು. ಇದನ್ನು ನಾವು ಮೌನಬೆಳೆ ಎನ್ನುತ್ತೇವೆ. ಯಾರೋ ಬುದ್ಧಿವಂತರು ಅದನ್ನು ಸರಿಮಾಡಲು ಹೋಗಿ, ಹುಳ ಇರಲಿ ಬಿಡಲಿ ಸದಾ ವಾಸನೆ ಬಿಡುವ ತೊಗರಿಯನ್ನು ಹುಟ್ಟಿಸಿದರು. ಅದಕ್ಕೆ ಬಾಯಿಬಡುಕ ತೊಗರಿ ಎಂದು ಹೆಸರು ಬಿತ್ತು. ಕಡಜಗಳು ಬಂದವು, ಹುಡುಕಿದವು, ಹುಳ ಸಿಗದೆ ಮೊಟ್ಟೆ ಇಡಲಾಗದೆ ಸತ್ತವು. ಅಷ್ಟು ಹೊತ್ತಿಗೆ ಹುಳ ಔಷಧಿಯನ್ನು ನೀರಿನಂತೆ ಕುಡಿಯಲು ಕಲಿತಿತ್ತು.

ಆಮೇಲಿನದು ನಮ್ಮ ಜೀವನ. ಹೂ ಬಿಟ್ಟ ದಿನದಿಂದ ಕೊಯ್ಲಿನ ತನಕ ಬೆಳಗಿನ ತಂಪಿನಲ್ಲಿ ಊರಿಗೆ ಊರೇ ಹೊಲದಲ್ಲಿರುತ್ತದೆ. ಇಬ್ಬರು ಸಾಲಿನ ನಡುವೆ ಧೋತರ ಹಾಸಿ ಹಿಡಿಯುತ್ತಾರೆ, ಮೂರನೆಯವರು ಗಿಡವನ್ನು ಬುಡದಲ್ಲಿ ಹಿಡಿದು ಅಲ್ಲಾಡಿಸುತ್ತಾರೆ, ಹುಳ ಉದುರುತ್ತದೆ. ಇದನ್ನು ನಿಮ್ಮಿಂದಲೇ ಕಲಿತೆವು ಎಂದು ಕರಪತ್ರ ನೋಡಿದರೆ ಗೊತ್ತಾಗುತ್ತದೆ. ಆದರೆ ನೀವು ಒಂದೆರಡು ಸಲ ಮಾಡುತ್ತಿದ್ದಿರಿ, ನಾವು ದಿನಾ ಮಾಡುತ್ತೇವೆ. ಉದುರಿದ್ದನ್ನು ಕೋಳಿಗೆ ಹಾಕಿ ಹಾಕಿ ನಮ್ಮ ಕೋಳಿಗಳು ಹೆಗಲೆತ್ತರ ಹಾರಲಾರದಷ್ಟು ಕೊಬ್ಬಿವೆ. ನಮ್ಮ ಬಲಭುಜಕ್ಕೆ ಇಪ್ಪತ್ತೈದಕ್ಕೆಲ್ಲ ತೊಗರಿನೋವು ಹಿಡಿಯುತ್ತದೆ, ಜಡೆ ಹಾಕಿಕೊಳ್ಳಲು ಕೈ ಮೇಲೇಳುವುದಿಲ್ಲ, ಅದಕ್ಕೇ ನಮ್ಮ ಹೆಂಗಸರೆಲ್ಲ ಕೂದಲು ಕತ್ತರಿಸಿಕೊಂಡಿರುತ್ತೇವೆ. ಹೆಣ್ಣು ಕೇಳಲು ಬಂದವರು ಹೊಲ ಎಷ್ಟಿದೆ ಎಂದು ಕೇಳುವುದಿಲ್ಲ, ಮನೆಯಲ್ಲಿ ಅಲ್ಲಾಡಿಸುವ ಕೈ ಎಷ್ಟಿವೆ ಎಂದು ಕೇಳುತ್ತಾರೆ. ಇಷ್ಟೆಲ್ಲ ಮಾಡಿಯೂ ಉಳಿಯುವುದು ಅರ್ಧ ಬೆಳೆ. ಬೇಳೆ ಬೇಯುವುದು ಹಬ್ಬಕ್ಕೆ, ಬಾಣಂತಿಗೆ, ಬೇನೆ ಬಿದ್ದವರಿಗೆ. ಹಾಲು ಬಿಟ್ಟ ಮಕ್ಕಳು ಎರಡು ವರ್ಷಕ್ಕೂ ನಡೆಯದೆ ಕೂತಿರುವುದನ್ನು ನೋಡಿದರೆ ಯಾರಿಗೂ ಇನ್ನೊಂದು ಮಾತು ಹೇಳಬೇಕಾಗುವುದಿಲ್ಲ.

ನಮಗಿದ್ದ ಒಂದೇ ಆಸೆ ಬಲೆಮನೆ. ಅರವತ್ತೊಂದು ವರ್ಷದ ಹಿಂದೆ, ಮೌನವಾಗುವುದಕ್ಕಿಂತ ಮುಂಚಿನ ಕರೆಯುವ ತೊಗರಿಯ ಎರಡು ಸೇರು ಬೀಜ ಒಬ್ಬರ ಮನೆಯಲ್ಲಿ ಉಳಿದಿದೆ ಎಂದು ತಿಳಿದಾಗ ಒಂಬತ್ತು ಊರಿನವರು ಕೂಡಿ ಅದನ್ನು ಅಂಗೈಯಲ್ಲಿಟ್ಟು ಕಾಪಾಡಲು ನಿಶ್ಚಯಿಸಿದರು. ಇರುವೆಯೂ ಹೊಗದ ಬಲೆ ಕಟ್ಟಿ, ಅದರೊಳಗೆ ಬಿತ್ತಿದರು. ಹುಳವೇನಾದರೂ ಒಳಹೊಕ್ಕರೆ ಇರುವುದೂ ಹೋಗುತ್ತದೆ ಎಂಬ ಭಯ ಅವರದು. ಸಾಕಷ್ಟು ಬೀಜ ಕೂಡಿದ ದಿನ ಬಲೆ ಬಿಚ್ಚಿ ಊರೂರಿಗೆ ಹಂಚುವುದು, ಮುಂದೆ ಅಲ್ಲಾಡಿಸುವ ಕೆಲಸವನ್ನು ಗಿಡ ಮತ್ತು ಕಡಜಕ್ಕೆ ಬಿಟ್ಟುಬಿಡುವುದು, ಇದು ಅವರ ಮಾತು. ಸುಗ್ಗಿಯ ಮುಕ್ಕಾಲು ಪಾಲು ಹುಳಕ್ಕೆ ಹೋದ ವರ್ಷಗಳಲ್ಲೂ ನಮ್ಮವರು ಆ ಬೀಜಕ್ಕೆ ಕೈ ಹಚ್ಚಲಿಲ್ಲ. ಬೇಡವೆಂದಲ್ಲ, ಹೊಟ್ಟೆ ಕಟ್ಟಿಕೊಂಡು ಕಾದರು.

ನನಗಿಂತ ಮುಂಚಿನ ಬೀಜದವ್ವ ನನ್ನ ದೊಡ್ಡವ್ವ ಸಾಬಮ್ಮ. ನಲವತ್ತೆರಡು ವರ್ಷ ಬಲೆಮನೆ ಕಾದವಳು. ಕೊಯ್ಲಾದ ಮೇಲೆ ಬಿಳಿ ಬಟ್ಟೆಯ ಮೇಲೆ ಕಾಳು ಹರವಿಕೊಂಡು ಒಂದೊಂದಾಗಿ ಬೆರಳಲ್ಲಿ ಉರುಳಿಸಿ ನೋಡುತ್ತಿದ್ದಳು. ಎತ್ತರಕ್ಕೆ ಬೆಳೆದ, ಎಲೆ ಅಂದವಾಗಿದ್ದ, ಕಾಯಿ ಜಾಸ್ತಿ ಹಿಡಿದ ಗಿಡದ ಕಾಳು ಮಾತ್ರ ಬಿತ್ತನೆಗೆ. ಎಲೆ ಒರಟಾದದ್ದು, ಕಾಯಿ ಕಡಿಮೆ ಬಿಟ್ಟದ್ದು ಒಲೆಗೆ. ಅವಳ ಕಾಳುಗಳು ಪಾತ್ರೆಯಲ್ಲಿ ಸುರಿದರೆ ಗಿಲಿಗಿಲಿ ಸದ್ದು ಮಾಡುತ್ತಿದ್ದವು, ಅದನ್ನು ಕೇಳಲೆಂದೇ ಜನ ಬರುತ್ತಿದ್ದರು. ಏಳು ವರ್ಷದ ಹಿಂದೆ ಅವಳ ಕಣ್ಣು ಪೂರ್ತಿ ಹೋದಾಗ ಬಲೆಮನೆಯ ಬೀಗದ ಕೈ ನನಗೆ ಬಂತು. ನಾನು ಅವಳ ಕೈಯಲ್ಲೇ ಪಳಗಿದವಳು, ಅವಳು ಮಾಡಿದ್ದನ್ನೇ ಮಾಡಿದೆ.

ಈ ವರ್ಷ ಬೀಜ ಕೂಡಿತು. ಹಂಚುವ ಮುಂಚೆ ಒಂದು ಸಲ ಪರೀಕ್ಷೆ ಆಗಲೇಬೇಕು. ಮೂವತ್ತನೆಯ ದಿನ ಬೆಳಿಗ್ಗೆ ಬಲೆಯ ಒಂದು ಮಗ್ಗುಲನ್ನು ಬಿಚ್ಚಿ, ನಾಲ್ಕು ಸಾಲಿನ ಮೇಲೆ ನನ್ನ ಕೈಯಿಂದಲೇ ಮರಿಹುಳ ಬಿಟ್ಟೆ. ಮೂಸುಗಂಬ ನೆಟ್ಟವನು ಖಾಸಿಂಸಾಬ. ಮೂಸುಗಂಬವೆಂದರೆ ಎಲೆಯ ಗಾಳಿಯನ್ನು ಎಳೆದುಕೊಂಡು ನೋಡುವ ಕಂಬ, ಕರೆಯ ವಾಸನೆ ಸಿಕ್ಕಿದರೆ ಅದರ ತಲೆಯ ಮೇಲಿನ ಹಸಿರು ದೀಪ ಹಳದಿಯಾಗುತ್ತದೆ. ಅದನ್ನು ರಿಪೇರಿ ಮಾಡಬಲ್ಲವನು ನಮ್ಮ ದಂಡೆಯಲ್ಲಿ ಅವನೊಬ್ಬನೇ, ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಉಂಟು. ಮೊದಲ ಗಂಟೆ ಹಸಿರು. ಸಂಜೆಗೂ ಹಸಿರು. ನಾವು ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತ ಕೂತಿದ್ದಾಗ ನಮ್ಮ ಪಕ್ಕದಲ್ಲೇ ಹುಳಗಳೂ ನೆಮ್ಮದಿಯಿಂದ ತಿನ್ನುತ್ತಿದ್ದವು. ಎರಡನೆಯ ದಿನ, ಮೂರನೆಯ ದಿನ, ಅದೇ ಹಸಿರು. ಹುಳಗಳು ಬಡಕಲಾಗಲಿಲ್ಲ, ಹೇಳಿದ ದಿನಕ್ಕೆ ಚರ್ಮ ಬಿಟ್ಟು ದುಂಡಗಾದವು.

ದಿನವೂ ಮನೆಗೆ ಬಂದ ಕೂಡಲೇ ದೊಡ್ಡವ್ವನ ಪ್ರಶ್ನೆ ಒಂದೇ. "ಕರೀತೇನ, ದೇವಿ?" ದಿನವೂ ನನ್ನ ಉತ್ತರವೂ ಒಂದೇ. "ಇನ್ನ ಇಲ್ಲ ದೊಡ್ಡವ್ವ, ನಾಳಿ ಕರೀಬಹುದು."

ನಾಲ್ಕನೆಯ ದಿನ ಕಂಬ ಕೆಟ್ಟಿರಬೇಕು ಎಂದು ನಾನು ಖಾಸಿಂಸಾಬನ ಮೇಲೆ ಹರಿಹಾಯ್ದೆ. ಅವನು ಕಂಬ ಕಿತ್ತುಕೊಂಡು ಹೊಳೆಯ ಇಳಿಜಾರಿಗೆ ನಡೆದ. ಅಲ್ಲಿ ಕಾಡುತೊಗರಿ ಬೇಲಿಗೆ ಹಬ್ಬಿಕೊಂಡಿದೆ. ಸಾಸಿವೆಗಿಂತ ಸ್ವಲ್ಪ ದೊಡ್ಡ ಕಾಳು, ದನವೂ ಮೂಸಿ ನೋಡಿ ಬಿಡುತ್ತದೆ, ನಾವು ವರ್ಷ ವರ್ಷ ಕಳೆಯೆಂದು ಕಿತ್ತು ಎಸೆಯುವ ಬಳ್ಳಿ. ಅದರ ಮೇಲೆ ಎರಡು ಮರಿಹುಳ ಬಿಟ್ಟು, ಪಕ್ಕದಲ್ಲಿ ಕಂಬ ನೆಟ್ಟು, ತಲೆಗೆ ಟವೆಲ್ ಸುತ್ತಿಕೊಂಡು ಕೂತ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ದೀಪ ಹಳದಿಯಾಯಿತು. ಇನ್ನಷ್ಟು ಹೊತ್ತಿಗೆ ಕಡಜಗಳೂ ಬಂದವು, ನಾನು ಇನ್ನು ಇಲ್ಲವೇ ಇಲ್ಲ ಎಂದುಕೊಂಡಿದ್ದ ಕಿರುಕಡಜಗಳು. "ಅಕ್ಕಾರ, ಕಂಬದ್ದೇನೂ ತಪ್ಪಿಲ್ರಿ. ಗಿಡಾನೇ ಸುಮ್ನದ," ಎಂದ ಖಾಸಿಂಸಾಬ. ಆಮೇಲೆ ನನ್ನ ಮುಖ ನೋಡದೆ ಕೇಳಿದ. "ಹುಳ ಕಚ್ಚಿದ ಗಿಡದ ಬೀಜ ನಾವು ಯಾವತ್ತರ ಇಟ್ಟೀವೇನ್ರೀ?"

ಇಟ್ಟಿರಲಿಲ್ಲ. ಅರವತ್ತೊಂದು ಬಿತ್ತನೆಯಲ್ಲಿ ಒಮ್ಮೆಯೂ ಇಟ್ಟಿರಲಿಲ್ಲ. ಕರೆಯುವ ಶಕ್ತಿಯನ್ನು ಮೈಯಲ್ಲಿ ಇಟ್ಟುಕೊಂಡ ಗಿಡ ಅದಕ್ಕಾಗಿ ಸ್ವಲ್ಪ ತೆರಬೇಕಾಗುತ್ತದೆ. ಎಲೆ ಒರಟು, ಬೆಳವಣಿಗೆ ಕಡಿಮೆ, ಕಾಯಿ ನಾಲ್ಕು ಕಡಿಮೆ. ಬಲೆಯ ಹೊರಗೆ ಅದನ್ನು ಹುಳವೇ ಆರಿಸುತ್ತಿತ್ತು, ಸುಮ್ಮನಿದ್ದ ಗಿಡವನ್ನು ತಿಂದು ಹಾಕಿ ಕರೆಯುವುದನ್ನು ಉಳಿಸುತ್ತಿತ್ತು. ಬಲೆಯೊಳಗೆ ಆರಿಸಿದವರು ನಾವು. ಹುಳದ ಭಯವೇ ಇಲ್ಲದ ಕಡೆ ಚಂದವಾಗಿ ಕಾಣುವುದು ಯಾವುದು? ಕರೆಯನ್ನು ಮರೆತದ್ದು. ಅದನ್ನೇ ಬೆಳ್ಳಿಯ ಹಾಗೆ ಆರಿಸಿ ಆರಿಸಿ ಇಟ್ಟೆವು. ನಿಮ್ಮ ಮೊಮ್ಮಕ್ಕಳು ದುಡುಕಿ ಮಾಡಿದ್ದನ್ನು ನಾವು ಭಕ್ತಿಯಿಂದ ಮಾಡಿದೆವು, ಅವರನ್ನು ಬಾಯಿತುಂಬ ಬೈಯುತ್ತಲೇ ಮಾಡಿದೆವು.

ಇಷ್ಟೇ ಆಗಿದ್ದರೆ ತಪ್ಪು ಎಲ್ಲರದೆಂದು ನಾನು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಇನ್ನೊಂದಿದೆ, ಅದನ್ನು ಖಾಸಿಂಸಾಬನಿಗೂ ಹೇಳಿರಲಿಲ್ಲ.

ನನ್ನ ಎರಡನೆಯ ವರ್ಷದಲ್ಲಿ ಬಿರುಗಾಳಿಗೆ ಬಲೆಯ ಮೂಡಣ ಮೂಲೆ ಒಂದು ಗೇಣು ಹರಿದಿತ್ತು. ನಾನು ನೋಡಿದ್ದು ತಡವಾಗಿ. ಚಿಟ್ಟೆ ಹೊಕ್ಕು ಮೊಟ್ಟೆ ಇಟ್ಟು ಹೋಗಿತ್ತು, ಹನ್ನೊಂದು ಗಿಡಗಳಲ್ಲಿ ಹುಳ ಬಿದ್ದಿತ್ತು. ಗಿಡಗಳು ನೋಡಲಾಗದಂತಿದ್ದವು, ಕುಡಿ ತಿಂದುಹೋಗಿ, ಎಲೆ ಗಡುಸಾಗಿ, ಅಲ್ಲೊಂದು ಇಲ್ಲೊಂದು ಕಾಯಿ. ಆದರೆ ಹುಳಗಳೂ ಬಡಕಲಾಗಿದ್ದವು, ಅದನ್ನು ನಾನು ಕಂಡೆ. ಬಲೆಯ ಹೊರಮೈಗೆ ನೂರಾರು ಸಣ್ಣ ಕಡಜಗಳು ಅಂಟಿಕೊಂಡು ಒಳಗೆ ಬರಲು ದಾರಿ ಹುಡುಕುತ್ತಿದ್ದವು, ಅದನ್ನೂ ಕಂಡೆ. ಹೊಸ ಪೀಡೆ ಬಂತೆಂದು ಬಾರಿಗೆಯಿಂದ ಅವನ್ನು ಗುಡಿಸಿ ಹಾಕಿದೆ. ಹುಳ ಹೊಕ್ಕಿತೆಂದು ತಿಳಿದರೆ ಬೀಗದ ಕೈ ನನ್ನಿಂದ ಹೋಗುತ್ತದೆ, ದೊಡ್ಡವ್ವನ ಹೆಸರಿಗೆ ಮಸಿ ಬಳಿದಂತಾಗುತ್ತದೆ ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು. ಬಲೆ ಹೊಲಿದೆ. ಹನ್ನೊಂದನ್ನೂ ಬೇರುಸಹಿತ ಕಿತ್ತು ಮನೆಯ ಹಿಂದಿನ ಒಲೆಗೆ ಹಾಕಿದೆ. ಹೊಗೆಗೆ ಕೆಮ್ಮುತ್ತ ದೊಡ್ಡವ್ವ ಒಳಗಿನಿಂದ ಕೇಳಿದ್ದಳು. "ಹಸೀ ಕಟ್ಟಿಗಿ ಯಾಕ ಸುಡ್ಲಿಕತ್ತೀ?" ಒಣಗಿದ್ದು ಸಿಗಲಿಲ್ಲ ಎಂದೆ.

ಆ ಹನ್ನೊಂದು ಗಿಡ ಕರೆಯುತ್ತಿದ್ದವು. ನಲವತ್ತೆರಡು ವರ್ಷದ ಆಯ್ಕೆಯನ್ನೂ ತಪ್ಪಿಸಿಕೊಂಡು ಉಳಿದಿದ್ದ ಕೊನೆಯ ಗಿಡಗಳು ಅವೇ ಇದ್ದಿರಬೇಕು. ಅವು ಕರೆದಾಗ ಅವಕ್ಕೆ ಬೇಕಾದವರು ಬಂದಿದ್ದರು ಕೂಡ. ನಡುವೆ ನಾನಿದ್ದೆ. ನನಗೆ ನಾಚಿಕೆಯಾಗುತ್ತಿದೆ, ಅದಕ್ಕಿಂತ ಹೆಚ್ಚಾಗಿ ಭಯವಾಗುತ್ತಿದೆ.

ಇವತ್ತು ಮಧ್ಯಾಹ್ನ ದೊಡ್ಡವ್ವನಿಗೆ ಎಲ್ಲವನ್ನೂ ಹೇಳಿದೆ. ನಾಳೆ ಜನರ ಬಾಯಿಂದ ಅವಳು ಕೇಳುವುದು ಬೇಡವೆನಿಸಿತು. ಹನ್ನೊಂದು ಗಿಡದ ಮಾತು ಮೊದಲು ಹೇಳಿದೆ, ತಪ್ಪಿನ ದೊಡ್ಡ ಪಾಲು ನನ್ನ ಮೇಲೇ ಬೀಳಲಿ ಎಂದು. ಆದರೆ ಅವಳು ದಡ್ಡಳಲ್ಲ. ನಲವತ್ತೆರಡು ವರ್ಷ ಏನು ಆರಿಸಿದೆ ಎಂಬುದನ್ನು ನಾನು ಬಿಡಿಸಿ ಹೇಳುವ ಮುಂಚೆಯೇ ತಿಳಿದುಕೊಂಡಳು. ಬೈಯುತ್ತಾಳೆಂದು ಕಾದೆ, ಅಳುತ್ತಾಳೆಂದು ಕಾದೆ. ಅವಳು ಬೀಜದ ಬುಟ್ಟಿ ತಾ ಎಂದಳು. ಮೊರದಲ್ಲಿ ಕಾಳು ಸುರಿಸಿಕೊಂಡು ಬೆರಳಿನಿಂದ ಒಂದೊಂದನ್ನೇ ಉರುಳಿಸತೊಡಗಿದಳು. ಯಾವಾಗಲೂ ಮಾಡುತ್ತಿದ್ದ ಕೆಲಸವೇ, ಆದರೆ ಈ ಸಲ ಅವಳು ಹುಡುಕುತ್ತಿದ್ದದ್ದು ಊನವಿದ್ದ ಕಾಳನ್ನು. ಸೊಟ್ಟಗಿದ್ದದ್ದು, ಸುಕ್ಕಾದದ್ದು, ಒರಟಾದದ್ದು, ತಾನೆಂದೋ ಎಸೆಯಲು ಮರೆತಿದ್ದ ಒಂದಾದರೂ ಸಿಕ್ಕೀತೇ ಎಂದು. ಒಂದು ಮೊರ ಮುಗಿಯಿತು, ಇನ್ನೊಂದು ಸುರಿ ಎಂದಳು. ಬಿಸಿಲು ಪಡಸಾಲೆಯ ಹೊಸ್ತಿಲು ದಾಟಿ ಹೋಗುವ ತನಕ ನಾನು ಸುರಿಯುತ್ತಲೇ ಇದ್ದೆ. ಬುಟ್ಟಿ ಬರಿದಾದ ಮೇಲೆ ಅವಳು ಕೈಯೊರೆಸಿಕೊಂಡು ಹೇಳಿದಳು. "ಎಲ್ಲಾ ಚಂದ ಅವ, ದೇವಿ. ಒಂದೂ ಉಳದಿಲ್ಲ."

ನಾಳೆ ಒಂಬತ್ತು ಊರಿನವರಿಗೂ ನಾನು ಇದನ್ನೇ ಹೇಳಬೇಕು. ಚೀಲಗಳನ್ನು ಖಾಲಿ ಮಡಚಿಕೊಂಡು ವಾಪಸು ನಡೆಯಿರಿ, ನಾಡಿದ್ದು ಬೆಳಿಗ್ಗೆ ಎಂದಿನಂತೆ ಧೋತರ ಹಾಸಿ ಎನ್ನಬೇಕು. ಬಲೆಯನ್ನು ಪೂರ್ತಿ ಬಿಚ್ಚಿಹಾಕುತ್ತೇನೆ. ಹೊಳೆದಂಡೆಯ ಕಾಡುತೊಗರಿಯ ಹೂವಿನ ಧೂಳನ್ನು ನಮ್ಮ ತೊಗರಿಗೆ ಕೈಯಾರೆ ಮುಟ್ಟಿಸಿ, ಹುಟ್ಟಿದ್ದನ್ನು ಹುಳದ ಬಾಯಿಗೆ ಕೊಟ್ಟು, ಉಳಿದದ್ದನ್ನು ಮತ್ತೆ ಬಿತ್ತಬೇಕು. ಸಾಸಿವೆಯಂಥ ಆ ಕಾಳು ಉಣ್ಣುವ ಕಾಳಾಗಲು ಮೂವತ್ತು ವರ್ಷವೋ ನಲವತ್ತೋ, ಖಾಸಿಂಸಾಬನಿಗೂ ಗೊತ್ತಿಲ್ಲ. ನನ್ನ ಆಯುಷ್ಯದಲ್ಲಿ ಆಗುವ ಮಾತಲ್ಲ. ಈಗ ಹಾಲು ಬಿಡುತ್ತಿರುವ ಮಕ್ಕಳಿಗಂತೂ ಅದು ಒದಗುವುದಿಲ್ಲ, ಇದನ್ನು ಅವರ ತಾಯಂದಿರ ಮುಖ ನೋಡಿ ಹೇಳಬೇಕು.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಹೊಲದಲ್ಲಿ ಈಗ ಆ ಗಿಡಗಳಿವೆ. ಬದುವಿನ ಹತ್ತಿರ ಎಲ್ಲೋ ಒಂದು, ಹುಳ ಮುಟ್ಟಿಯೂ ಬದುಕಿದ್ದು, ಎಲೆ ತೂತುಬಿದ್ದು, ಕಾಯಿ ಕಡಿಮೆಯಾಗಿ, ನೋಡಿದರೆ ಕಿತ್ತುಹಾಕೋಣ ಎನ್ನಿಸುವಂಥದ್ದು. ಅದರ ಸುತ್ತ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಡಜಗಳು ಸುಳಿದಾಡುತ್ತಿದ್ದರೆ ಬಾರಿಗೆ ಎತ್ತಬೇಡಿ. ಚಂದದ ಕಾಳನ್ನು ನೀವೇ ಉಣ್ಣಿ, ಬೇಕಾದರೆ ಮಾರಿಕೊಳ್ಳಿ, ನಾವು ಏನೂ ಅನ್ನುವುದಿಲ್ಲ. ಕೊಯ್ಲಿನ ದಿನ ಆ ಗಿಡದ ಹತ್ತಿರ ಒಂದು ಗಳಿಗೆ ನಿಂತು, ಅದರಲ್ಲಿ ಉಳಿದ ಕಾಳಿನಿಂದ ಒಂದು ಹಿಡಿ ಬಿತ್ತನೆಗೆ ತೆಗೆದಿಡಿ. ವರ್ಷವೂ ಹಾಗೆಯೇ ಮಾಡಿ, ನಿಮ್ಮ ಮಕ್ಕಳಿಗೂ ಹೇಳಿ.

ಆ ಒಂದು ಹಿಡಿ ನಮಗಿರಲಿ.

ನಿಮ್ಮ ಮಣ್ಣಿನವಳು,
ದೇವಕ್ಕೆಮ್ಮ